ಹಾಜರಿ ಹೇಳುವ ಪೆಟ್ಟಿಗೆ

ಕಳೆದ ತಿಂಗಳು ನಮ್ಮ ಊರಿನ ಅನುದಾನಿತ ಕನ್ನಡ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆ ನಡೆಯಿತು. ಹಿಂದಿನ ಕೊಠಡಿಯಲ್ಲಿ ಧೂಳು ಹಿಡಿದು ಕುಳಿತಿರುವ ಮೂರು ಹಳೆಯ ಗಣಕಯಂತ್ರಗಳನ್ನು ಗುಜರಿಗೆ ಕೊಡುವುದೆಂದು ಬಹುತೇಕ ತೀರ್ಮಾನವಾಗಿತ್ತು. ಆಗ ಮುಖ್ಯೋಪಾಧ್ಯಾಯಿನಿಯವರು ನನ್ನತ್ತ ತಿರುಗಿ, "ವಕೀಲರೇ, ನಮ್ಮ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯನ್ನು ಟೈಪು ಮಾಡಿದ್ದು ಇವುಗಳಲ್ಲಿಯೇ. ಅಚ್ಚಾದ ಪ್ರತಿ ಶಾಲೆಯಲ್ಲಿ ಒಂದೂ ಉಳಿದಿಲ್ಲ" ಎಂದರು. ಸಭೆ ಒಮ್ಮೆ ಮೌನವಾಯಿತು. ಆ ಸಂಚಿಕೆಯಲ್ಲಿ ಶಾಲೆ ಆರಂಭವಾದಂದಿನಿಂದ ಕಲಿಸಿದ ಅಧ್ಯಾಪಕರ ಪಟ್ಟಿಯಿತ್ತು, ತರಗತಿವಾರು ಮಕ್ಕಳ ಸಂಖ್ಯೆಯಿತ್ತು, ಈಗ ನಮ್ಮೊಡನಿಲ್ಲದ ಹಿರಿಯರ ನೆನಪುಗಳಿದ್ದವು. ಗುಜರಿಯವನಿಗೆ ಒಂದು ವಾರ ಕಾಯಲು ಹೇಳಿ, ಆ ಯಂತ್ರಗಳನ್ನು ಎಬ್ಬಿಸುವ ಹೊಣೆಯನ್ನು ನಾನು ಹೊತ್ತೆ.

ಮೂರು ಯಂತ್ರಗಳಿಗೆ ಕೆಲಸ ಮಾಡುವ ಕೀಲಿಮಣೆ ಒಂದೇ, ಬೆಳಗುವ ಪರದೆಯೂ ಒಂದೇ. ಎಲ್ಲಕ್ಕಿಂತ ಹಳೆಯದರಿಂದ ಕಡತ ಹೊರತರಲು ಫ್ಲಾಪಿ ಮಾತ್ರ ಗತಿ. ಎರಡನೆಯದಕ್ಕೆ ಫ್ಲಾಪಿಯೂ ಉಂಟು, ಪೆನ್‌ಡ್ರೈವ್ ಸಿಕ್ಕಿಸುವ ಯುಎಸ್‌ಬಿ ಕಿಂಡಿಯೂ ಉಂಟು. ಮೂರನೆಯದರಲ್ಲಿ ಸ್ಕ್ಯಾನ್ ಮಾಡಿದ ಛಾಯಾಚಿತ್ರಗಳಿದ್ದವು. ಮೊದಲನೆಯದರ ಕಡತಗಳನ್ನು ಫ್ಲಾಪಿಗೆ ಇಳಿಸಿ, ಎರಡನೆಯದರ ಮೂಲಕ ಪೆನ್‌ಡ್ರೈವಿಗೆ ಏರಿಸಬೇಕು. ಒಂದು ಫ್ಲಾಪಿ ಹಿಡಿಯುವುದು 1.44 ಎಂಬಿ ಮಾತ್ರ. ಆದುದರಿಂದ ಒಂದು ಯಂತ್ರದಿಂದ ಇನ್ನೊಂದಕ್ಕೆ ಹತ್ತಾರು ಸಲ ಹೋಗಿಬರಬೇಕು.

ಪ್ರತಿಸಲವೂ ಕೀಲಿಮಣೆಯನ್ನು ಕಿತ್ತು ಇನ್ನೊಂದಕ್ಕೆ ಚುಚ್ಚಿದರಾಗದೇ ಎಂದು ನೀವು ಕೇಳಬಹುದು. ಆಗದು. ಇಂದಿನ ಯುಎಸ್‌ಬಿ ಕೀಲಿಮಣೆಯನ್ನು ಯಂತ್ರ ಓಡುತ್ತಿರುವಾಗಲೇ ತೆಗೆದು ಹಾಕಬಹುದು. ಹಿಂದಿನ ದುಂಡು ಕಿಂಡಿಗಳು ಅದಕ್ಕಾಗಿ ರಚಿತವಾದವುಗಳಲ್ಲ. ವಿದ್ಯುತ್ತು ಹರಿಯುತ್ತಿರುವಾಗ ಎಳೆದು ಚುಚ್ಚಿದರೆ ಮುಖ್ಯ ಫಲಕದ ಸಣ್ಣ ಫ್ಯೂಸು ಸುಟ್ಟುಹೋಗುವ ಅಪಾಯವಿದೆ. ಆಮೇಲೆ ಯಾವ ಕೀಲಿಮಣೆ ಹಾಕಿದರೂ ಯಂತ್ರಕ್ಕೆ ಕೇಳಿಸದು.

ಇಂತಹ ಸಂದರ್ಭಕ್ಕೆಂದೇ ಹಂಚಿಕೆಯ ಸ್ವಿಚ್ಚಿನ ಪೆಟ್ಟಿಗೆಯೊಂದಿದೆ. ಕೀಲಿಮಣೆ, ಪರದೆ, ಮೌಸ್ ಮೂರನ್ನೂ ಹಲವು ಯಂತ್ರಗಳ ನಡುವೆ ಹಂಚುವುದರಿಂದ ಅದಕ್ಕೆ ಕೆವಿಎಂ ಸ್ವಿಚ್ ಎಂದು ಹೆಸರು. ನನ್ನ ಕಚೇರಿಯ ಅಟ್ಟದಲ್ಲಿ ತಿರುಗುಗುಂಡಿಯ ಒಂದು ಪೆಟ್ಟಿಗೆ ಇತ್ತು. ಅದನ್ನೇ ಒಯ್ದು ಜೋಡಿಸಿದೆ. ಮೊದಲ ಯಂತ್ರ ಸುಸೂತ್ರವಾಗಿ ಎದ್ದಿತು. ಗುಂಡಿ ಅದರ ಕಡೆಗೇ ಇರುವಾಗ ಎರಡನೆಯದನ್ನು ಚಾಲೂ ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ಗುಂಡಿಯನ್ನು ಅತ್ತ ತಿರುಗಿಸಿ ನೋಡಿದರೆ, ಕೀಲಿಮಣೆ ಕಾಣಿಸುತ್ತಿಲ್ಲ, ಮುಂದುವರಿಯಲು ಎಫ್1 ಕೀಲಿಯನ್ನು ಒತ್ತಿ ಎಂಬ ಅರ್ಥದ ಇಂಗ್ಲಿಷ್ ಸಾಲು ಪರದೆಯ ಮೇಲೆ ನಿಂತಿತ್ತು. ಇಲ್ಲದ ಕೀಲಿಮಣೆಯಲ್ಲಿ ಎಫ್1 ಒತ್ತುವುದೆಂತು ಎಂದು ಅಲ್ಲಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ನಕ್ಕಳು. ನಗುವಿನಲ್ಲಿ ನ್ಯಾಯವಿತ್ತು.

ಯಂತ್ರ ಹಾಗೇಕೆ ನಿಂತಿತು? ಕೀಲಿಮಣೆಯ ತಂತಿಯೊಳಗೆ ಮುಖ್ಯವಾಗಿ ನಾಲ್ಕೇ ಎಳೆಗಳು. 5 ವೋಲ್ಟ್ ವಿದ್ಯುತ್ತು, ಭೂತಂತಿ, ತಾಳ ಹಿಡಿಯುವ ಗಡಿಯಾರದ ಎಳೆ ಮತ್ತು ಮಾಹಿತಿಯ ಎಳೆ. ವಿದ್ಯುತ್ತು ಸಿಕ್ಕಿದೊಡನೆ ಕೀಲಿಮಣೆ ತನ್ನನ್ನು ತಾನೇ ಪರೀಕ್ಷಿಸಿಕೊಂಡು 170 ಎಂಬ ಸಂಖ್ಯೆಯನ್ನು ಕಳುಹಿಸುತ್ತದೆ. ನಾನು ಸರಿಯಾಗಿದ್ದೇನೆ ಎಂದು ಅದರರ್ಥ. ಯಂತ್ರವೂ ಏಳುವಾಗ 255 ಎಂದು ಕೂಗುತ್ತದೆ. ಕೀಲಿಮಣೆ 250 ಎಂದು ಓಗೊಟ್ಟು, ಮತ್ತೆ 170 ಎನ್ನುತ್ತದೆ. ಈ ಉತ್ತರ ಬಾರದಿದ್ದರೆ ಹಳೆಯ ಯಂತ್ರ ಮುಂದಡಿಯಿಡಲು ಒಪ್ಪುವುದಿಲ್ಲ.

ನಮ್ಮ ವೃತ್ತಿಯವರಿಗೆ ಇದು ಚಿರಪರಿಚಿತ. ಒಬ್ಬ ಹಿರಿಯ ವಕೀಲರಿಗೆ ಒಂದೇ ದಿನ ಮೂರು ನ್ಯಾಯಾಲಯಗಳಲ್ಲಿ ಪ್ರಕರಣವಿರುತ್ತದೆ. ಅವರು ಒಂದರಲ್ಲಿ ವಾದಿಸುತ್ತಿರುವಾಗ ಇನ್ನೊಂದರಲ್ಲಿ ಹೆಸರು ಕೂಗಿದರೆ ಯಾರಾದರೂ ಎದ್ದು ನಿಲ್ಲಬೇಕು. ವಾದಿಯ ಕಡೆಯಿಂದ ಯಾರೂ ಇಲ್ಲದೆ ಪ್ರತಿವಾದಿ ಮಾತ್ರ ಹಾಜರಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದಂತೆ ದಾವೆ ವಜಾ ಆಗುತ್ತದೆ. ತಿರುಗುಗುಂಡಿಯ ಪೆಟ್ಟಿಗೆ ಕಿರಿಯರಿಲ್ಲದ ಹಿರಿಯ ವಕೀಲರಂತೆ. ಮರುದಿನ ಸ್ನೇಹಿತರೊಬ್ಬರಿಂದ ತಂದ ಎಲೆಕ್ಟ್ರಾನಿಕ್ ಸ್ವಿಚ್ ಪ್ರತಿಯೊಂದು ನ್ಯಾಯಾಲಯದಲ್ಲಿಯೂ ಒಬ್ಬ ಕಿರಿಯನನ್ನು ಕೂರಿಸಿದಂತೆ. ನಿಜವಾದ ಕೀಲಿಮಣೆ ಎಲ್ಲಿಯೇ ಇರಲಿ, ಅದು ಮೂರೂ ಯಂತ್ರಗಳಿಗೆ ಏಕಕಾಲದಲ್ಲಿ ಹಾಜರಿ ಹೇಳುತ್ತದೆ. ಯಾವ ಯಂತ್ರದಲ್ಲಿ ಕ್ಯಾಪ್ಸ್ ಲಾಕ್ ಹಾಕಿತ್ತು ಎಂಬುದನ್ನೂ ನೆನಪಿಟ್ಟುಕೊಳ್ಳುತ್ತದೆ. ಸ್ಕ್ರೋಲ್ ಲಾಕ್ ಕೀಲಿಯನ್ನು ಎರಡು ಸಲ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಅನುಕೂಲ ಇಂತಹ ಅನೇಕ ಪೆಟ್ಟಿಗೆಗಳಲ್ಲಿದೆ.

ಕಿಂಡಿಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಐಬಿಎಂ ಸಂಸ್ಥೆಯ 1981ರ ಪಿಸಿ ಮತ್ತು 1984ರ ಎಟಿ ಯಂತ್ರಗಳೆರಡಕ್ಕೂ ಐದು ಸೂಜಿಯ ಅದೇ ದೊಡ್ಡ ದುಂಡು ಪ್ಲಗ್ಗು. ಆದರೆ ಅವುಗಳ ಭಾಷೆ ಬೇರೆ. ಮೊದಲನೆಯದರಲ್ಲಿ ಕೀಲಿಮಣೆ ಮಾತಾಡುತ್ತದೆ, ಯಂತ್ರ ಕೇಳುತ್ತದೆ. ಎರಡನೆಯದರಲ್ಲಿ ಇಬ್ಬರೂ ಮಾತಾಡುತ್ತಾರೆ. ಎಟಿ ಕೀಲಿಮಣೆಯಲ್ಲಿ 'ಜೆ' ಕೀಲಿಯ ಸಂಖ್ಯೆ 59. ಹಿಂದಿನ ಪಿಸಿಯ ಲೆಕ್ಕದಲ್ಲಿ ಅದೇ 59 ಎಂದರೆ ಎಫ್1. ಹೀಗಾಗಿ ಪ್ಲಗ್ಗು ಹೊಂದಿದ ಮಾತ್ರಕ್ಕೆ ಕೆಲಸವಾದೀತೆಂದು ನಂಬಬಾರದು. ಇದಕ್ಕೆ ವಿರುದ್ಧವಾಗಿ, 1987ರಲ್ಲಿ ಬಂದ ಪಿಎಸ್/2 ಎಂಬ ಆರು ಸೂಜಿಯ ಸಣ್ಣ ಪ್ಲಗ್ಗು ಆಕಾರದಲ್ಲಿ ಬೇರೆಯಾದರೂ ಎಟಿಯ ಭಾಷೆಯನ್ನೇ ಆಡುತ್ತದೆ. ಇವೆರಡರ ನಡುವೆ ಅಗ್ಗದ ಅಡಾಪ್ಟರ್ ಸಾಕು. ನಮ್ಮ ಶಾಲೆಯ ಅತಿ ಹಳೆಯ ಯಂತ್ರ ಸ್ವಿಚ್ಚಿಗೆ ಸೇರಿದ್ದು ಹೀಗೆಯೇ. ಹೊಸ ಯುಎಸ್‌ಬಿ ಕೀಲಿಮಣೆಗೆ ಇಂತಹ ಅಡಾಪ್ಟರ್ ಹಾಕಿದರೆ, ಆ ಕೀಲಿಮಣೆಗೆ ಎರಡೂ ಭಾಷೆ ತಿಳಿದಿದ್ದರೆ ಮಾತ್ರ ನಡೆಯುತ್ತದೆ.

ಮಕ್ಕಳಿಗೆ ಹೇಳಬೇಕಾದ ಇನ್ನೊಂದು ಸಂಗತಿಯೂ ಇಲ್ಲಿದೆ. ಕೀಲಿಮಣೆಗೆ ಕನ್ನಡವೂ ತಿಳಿಯದು, ಮಲಯಾಳವೂ ತಿಳಿಯದು. ಅದು ಕಳುಹಿಸುವುದು ಕೀಲಿಯ ಸಂಖ್ಯೆಯನ್ನು ಮಾತ್ರ. ಅದೇ 'ಜೆ' ಕೀಲಿಯನ್ನು ಒತ್ತಿದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿಯಲ್ಲಿ 'ಜ' ಮೂಡುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ 'ರ' ಮೂಡುತ್ತದೆ, ಮಲಯಾಳದ ಇನ್‌ಸ್ಕ್ರಿಪ್ಟಿನಲ್ಲಿ ಮಲಯಾಳದ 'ರ'. ಅಕ್ಷರವನ್ನು ನಿರ್ಣಯಿಸುವುದು ಯಂತ್ರದೊಳಗಿನ ತಂತ್ರಾಂಶ. ಆದುದರಿಂದ ಕನ್ನಡ ಅಚ್ಚಿಲ್ಲದ ಕೀಲಿಮಣೆ ಸಿಕ್ಕಿತೆಂದು ಕನ್ನಡ ಟೈಪು ಮಾಡುವುದನ್ನು ಬಿಡಬೇಕಾದ ಕಾರಣವಿಲ್ಲ.

ಎರಡು ಸಂಜೆಗಳಲ್ಲಿ ಕಡತಗಳೆಲ್ಲ ಹೊರಬಂದವು. ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲುಗಳು ಕಂಡವು. ಗಾಬರಿಪಡಬೇಕಾಗಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಟೈಪಾದ ಕನ್ನಡ ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಆದುದರಿಂದ ಕಡತದ ಜೊತೆಗೆ ಹಳೆಯ ಯಂತ್ರದ ಫಾಂಟುಗಳನ್ನೂ ನಕಲು ಮಾಡಿಕೊಳ್ಳಬೇಕು. ಆಮೇಲೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು.

ಇಷ್ಟೆಲ್ಲ ಶ್ರಮವೇಕೆ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಬಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ಅದು ಹೇಳುತ್ತದೆ. ಆ ಸೌಕರ್ಯ ಕೇಳಿ ಕಚೇರಿಗೆ ಹೋಗಲಿ, ನ್ಯಾಯಾಲಯಕ್ಕೆ ಹೋಗಲಿ, ಮೊದಲ ಪ್ರಶ್ನೆ ಒಂದೇ: ದಾಖಲೆ ಎಲ್ಲಿ? ಸ್ಮರಣ ಸಂಚಿಕೆಯ ಕಡತವೊಂದೇ ಸಾಕ್ಷ್ಯವಾಗಿ ನಿಲ್ಲದು. ವಿದ್ಯುನ್ಮಾನ ದಾಖಲೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಆದರೆ ಯಾವ ವರ್ಷ ಯಾರು ಕಲಿಸುತ್ತಿದ್ದರು, ಎಷ್ಟು ಮಕ್ಕಳಿದ್ದರು ಎಂದು ಆ ಪಟ್ಟಿ ತಿಳಿಸುತ್ತದೆ. ಮೂಲ ರಿಜಿಸ್ಟರನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ಅದೇ ದಾರಿ.

ನಿಮ್ಮ ಊರಿನ ಶಾಲೆಯಲ್ಲಿಯೂ ಇಂತಹ ಯಂತ್ರವಿದ್ದರೆ ಗುಜರಿಗೆ ಕೊಡುವ ಮೊದಲು ಒಮ್ಮೆ ತೆರೆದು ನೋಡಿ. ಜೋಡಿಸುವಾಗ ಎಲ್ಲವನ್ನೂ ಆರಿಸಿರಿ; ನೇರಳೆ ಬಣ್ಣದ ಕಿಂಡಿ ಕೀಲಿಮಣೆಗೆ, ಹಸಿರು ಮೌಸಿಗೆ; ಆಮೇಲೆ ಯಂತ್ರಗಳನ್ನು ಒಂದೊಂದಾಗಿ ಚಾಲೂ ಮಾಡಿ. ನಮ್ಮ ಶಾಲೆಯ ಸಂಚಿಕೆಯ ಎರಡು ಪ್ರತಿಗಳು ಈಗ ಮುದ್ರಣವಾಗಿ ಮುಖ್ಯೋಪಾಧ್ಯಾಯಿನಿಯವರ ಕಪಾಟಿನಲ್ಲಿವೆ. ಅಂದು ನಕ್ಕ ಹುಡುಗಿ ಅಧ್ಯಾಪಕರ ಪಟ್ಟಿಯಲ್ಲಿ ತನ್ನ ಮುತ್ತಜ್ಜನ ಹೆಸರನ್ನು ಕಂಡುಹಿಡಿದಿದ್ದಾಳೆ.