ವರ್ತಮಾನವೂ ವಿವೇಕವೂ

2016ರ ನವೆಂಬರ್ 8ರ ರಾತ್ರಿ, ಐನೂರು ಮತ್ತು ಸಾವಿರ ರೂಪಾಯಿಯ ನೋಟುಗಳು ರದ್ದಾದ ವರ್ತಮಾನವು ಚೆಂಬೂರಿನ ಹೊಟೇಲುಗಳ ಗಲ್ಲಾ ಮುಚ್ಚುವ ಮೊದಲೇ ಬಂದು ಮುಟ್ಟಿತ್ತು. ಹೊಸ ಎರಡು ಸಾವಿರದ ನೋಟಿನಲ್ಲಿ ಚಿಪ್ಪು ಅಡಗಿದೆಯೆಂಬ ಗಾಳಿಮಾತೂ ಅದರ ಬೆನ್ನಿಗೇ ಬಂದಿತು. ಕೆಲವು ಸುದ್ದಿವಾಹಿನಿಗಳು ಅದನ್ನು ಗಂಭೀರವಾಗಿಯೇ ಬಿತ್ತರಿಸಿದವು. ಟ್ರಂಕಿನಲ್ಲಿ ಪಗಾರ ಕೂಡಿಟ್ಟ ಮಾಣಿಗೆ ಬೇಕಾಗಿದ್ದುದು ಒಂದೇ ಮಾತು: ಡಿಸೆಂಬರ್ 30ರವರೆಗೆ ತನ್ನ ಖಾತೆಗೆ ಕಟ್ಟಬಹುದು, ಕಮಿಷನ್ ತೆತ್ತು ದಲ್ಲಾಳಿಯ ಕೈಗೆ ಕೊಡಬೇಕಾಗಿಲ್ಲ. ಆ ಮಾತೂ ಅಚ್ಚಾಗಿತ್ತು. ಆದರೆ ಸುದ್ದಿಯ ರಾಶಿಯಡಿಯಲ್ಲಿ ಹೂತುಹೋಗಿತ್ತು.

ಹೀಗೆ ಹೂತದ್ದನ್ನು ಹೆಕ್ಕಿ ತೋರಿಸುವ ಕೆಲಸವನ್ನು ಒಳ್ಳೆಯ ವಿಡಂಬನೆಯು ಮಾಡಬಲ್ಲುದು. ಡಾ. ಎಂ. ಶಿವರಾಂ ಅವರು 1942ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಕೊರವಂಜಿ’ಯು ಹೊಸ ಸುದ್ದಿ ಕೊಡುತ್ತಿರಲಿಲ್ಲ, ಎಲ್ಲರೂ ಬಲ್ಲ ಸುದ್ದಿಯ ಅರ್ಥವನ್ನು ನಗಿಸಿ ತಿಳಿಸುತ್ತಿತ್ತು. ಅದಕ್ಕೆ ಚಿತ್ರ ಬರೆದ ಮೈಸೂರಿನ ಆರ್. ಕೆ. ಲಕ್ಷ್ಮಣರೇ ಮುಂದೆ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನು ನಿಲ್ಲಿಸಿದರು. ಮಂತ್ರಿಗಳು ಅಂಕಿಅಂಶಗಳನ್ನು ಸುರಿಯುತ್ತಿದ್ದರೂ ಆತ ಬಾಯಿ ಬಿಟ್ಟವನಲ್ಲ. (ನಮ್ಮ ಕೌಂಟರಿನ ಗುಮಾಸ್ತರಿಗೆ ಆ ಮೌನದ ಪರಿಚಯ ಉಂಟು!) ಓದುಗನು ಮಾತ್ರ ಆ ಮುಖವನ್ನು ನೋಡಿ, ಅಂಕಿಗಳ ಬೆಲೆಯೆಷ್ಟೆಂದು ತಾನೇ ಲೆಕ್ಕ ಹಾಕುತ್ತಿದ್ದನು.

ಇಂದಿನ ಮೊಬೈಲಿನಲ್ಲಾದರೋ ವಿನೋದವೇ ವಾರ್ತೆಯ ವೇಷದಲ್ಲಿ ಬರುತ್ತದೆ. ನಮ್ಮ ಬಂಧುಗಳು ಅದನ್ನು ನಂಬಿ ಊರಿಗೂ ರವಾನಿಸುತ್ತಾರೆ. ಅಂದ ಹಾಗೆ, ಎರಡು ಸಾವಿರದ ನೋಟಿನ ಹಿಂತೆಗೆತವು 2023ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಆಗಲೂ ಚಿಪ್ಪನ್ನು ಕಂಡವರಿರಲಿಲ್ಲ.