ನದಿ ಮರಳಿದ ಕಣಿವೆಯಲ್ಲಿ ಸಾಮೂಹಿಕ ನಡಿಗೆ

ಹೊರನಾಡಿನ ಕನ್ನಡ ಸಂಘಗಳ ವಾರ್ಷಿಕ ಕಾರ್ಯಕ್ರಮಗಳ ಪಟ್ಟಿಯನ್ನು ಅವಲೋಕಿಸಿದರೆ ಅದರಲ್ಲಿ ರಾಜ್ಯೋತ್ಸವವಿದೆ, ನಾಟಕವಿದೆ, ದಾಸರ ಆರಾಧನೆಯಿದೆ, ಮಕ್ಕಳ ಸ್ಪರ್ಧೆಗಳಿವೆ, ಚಳಿಗಾಲದ ಒಂದು ವನಭೋಜನವೂ ಇದೆ. ಆರೋಗ್ಯದ ಪಾಲಿಗೆ ಉಳಿಯುವುದು ತಜ್ಞ ವೈದ್ಯರೊಬ್ಬರ ಉಪನ್ಯಾಸ ಮತ್ತು ರಕ್ತದೊತ್ತಡ ತಪಾಸಣೆಯ ಶಿಬಿರ. ಇವೆರಡೂ ಉಪಯುಕ್ತವೇ. ಆದರೆ ‘ದಿನವೂ ನಡೆಯಿರಿ’ ಎಂಬ ಮಾತನ್ನು ತಲೆದೂಗುತ್ತ ಕೇಳಿದ ಸದಸ್ಯರು ಸಭಾಂಗಣದ ಬಾಗಿಲಲ್ಲೇ ವಾಹನವೇರಿ ಮನೆಗೆ ತೆರಳುತ್ತಾರೆ. ಕಿವಿಗೆ ಬಿದ್ದ ಹಿತವಚನ ಕಾಲಿಗೆ ಇಳಿಯಬೇಕಾದರೆ ಸಂಘವೇ ಸದಸ್ಯರನ್ನು ನಡೆಸಿಕೊಂಡು ಹೋಗಬೇಕು. ವನಭೋಜನದ ಆ ಒಂದು ದಿನವನ್ನು ಬೆಟ್ಟದ ನಡಿಗೆಗೆ ಮೀಸಲಿಡುವುದು ಉಚಿತ. ದೆಹಲಿಯ ಕನ್ನಡಿಗರ ಮಟ್ಟಿಗೆ ಅದಕ್ಕೆ ತಕ್ಕ ಸ್ಥಳ ಸುಮಾರು 200 ಕಿಲೋಮೀಟರ್ ದೂರದಲ್ಲಿ, ರಾಜಸ್ಥಾನದ ಅಲ್ವರ್ ಜಿಲ್ಲೆಯಲ್ಲಿದೆ. ಅದು ಬತ್ತಿಹೋಗಿ ಮರಳಿ ಹರಿದ ಅರ್ವರಿ ನದಿಯ ಕಣಿವೆ.

ಅರಾವಳಿ ಬೆಟ್ಟಗಳ ನಡುವೆ ಹುಟ್ಟುವ ಈ ಪುಟ್ಟ ನದಿಯ ಉದ್ದ ಸುಮಾರು 45 ಕಿಲೋಮೀಟರ್. ದಶಕಗಳ ಕಾಲ ಅದು ಮಳೆಗಾಲದ ಕೆಲವು ದಿನಗಳನ್ನುಳಿದು ಬರಿಯ ಮರಳಿನ ಹಾದಿಯಾಗಿತ್ತು. ಇದಕ್ಕೆ ಮಳೆಯ ಕೊರತೆಯೊಂದೇ ಕಾರಣವಾಗಿರಲಿಲ್ಲ. ಬೆಟ್ಟದ ಮರಗಳು ನೆಲಕ್ಕುರುಳಿದವು. ಊರಿನವರೇ ಕಾಪಾಡಿಕೊಂಡು ಬಂದಿದ್ದ ಹಳೆಯ ಕಟ್ಟೆಗಳು ಹೂಳು ತುಂಬಿ ಒಡೆದವು. ಎರಡು ಮೂರು ತಿಂಗಳಲ್ಲಿ ಸುರಿದು ಮುಗಿಯುವ ಮಳೆಯ ನೀರು ಬೋಳು ಇಳಿಜಾರಿನಲ್ಲಿ ಮಣ್ಣನ್ನೂ ಹೊತ್ತುಕೊಂಡು ಓಡತೊಡಗಿತು. ಬಾವಿಗಳು ಬತ್ತಿದವು. ಗಂಡಸರು ಕೂಲಿಯನ್ನರಸಿ ನಗರಗಳಿಗೆ ವಲಸೆ ಹೋದರು. ಕೊಡವನ್ನು ತಲೆಯ ಮೇಲಿಟ್ಟು ಮೈಲಿಗಟ್ಟಲೆ ನಡೆಯುವ ಪಾಡು ಹೆಂಗಸರದಾಯಿತು.

1985ರಲ್ಲಿ ರಾಜೇಂದ್ರ ಸಿಂಗ್ ಮತ್ತು ಅವರ ಸಂಗಡಿಗರು ತರುಣ ಭಾರತ ಸಂಘದ ವತಿಯಿಂದ ಈ ಪ್ರದೇಶಕ್ಕೆ ಬಂದಾಗ ಹಳ್ಳಿಯ ಹಿರಿಯರು ಅವರಿಂದ ಬಯಸಿದ್ದು ನೀರನ್ನು. ಗೋಪಾಲಪುರದಲ್ಲಿ ಹಳೆಯ ಜೋಹಡ್ ಒಂದರ ಹೂಳೆತ್ತುವುದರಿಂದ ಕೆಲಸ ಮೊದಲಾಯಿತು. ಇಳಿಜಾರಿನ ಕೆಳಬದಿಯಲ್ಲಿ ಅರ್ಧಚಂದ್ರಾಕಾರವಾಗಿ ಹಾಕಿದ ಮಣ್ಣಿನ ಏರಿಯೇ ಜೋಹಡ್. ಕೆರೆ ಕಟ್ಟಿಸುವುದನ್ನು ಪುಣ್ಯಕಾರ್ಯವೆಂದೆಣಿಸಿ ಶಾಸನ ಬರೆಸಿದ ನಾಡಿನವರಿಗೆ ಇದರ ಮರ್ಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇಲಿನಿಂದ ಹರಿದು ಬರುವ ನೀರು ಇಲ್ಲಿ ತಡೆದು ನಿಲ್ಲುತ್ತದೆ. ನಿಂತದ್ದು ನೆಲದೊಳಕ್ಕೆ ಇಂಗುತ್ತದೆ. ಇಂಗಿದ್ದು ಬಾವಿಗೂ, ಕಡೆಯಲ್ಲಿ ಹೊಳೆಯ ಪಾತ್ರಕ್ಕೂ ಒಸರುತ್ತದೆ. ಭಾಂವ್ತಾ ಮತ್ತು ಕೋಲ್ಯಾಲಾ ಎಂಬ ಮೇಲ್ಕಣಿವೆಯ ಊರುಗಳಿಂದ ಹಿಡಿದು ಕೆಳಗಿನವರೆಗೆ ಜನರು ತಮ್ಮ ಶ್ರಮವನ್ನೂ ಹಣದ ಪಾಲನ್ನೂ ಹಾಕಿ ಕಟ್ಟಿದ ಇಂತಹ ರಚನೆಗಳ ಸಂಖ್ಯೆ ಮುನ್ನೂರನ್ನು ಮೀರಿತು. ಅವರಾರೂ ನದಿಯನ್ನು ತರುತ್ತೇವೆಂದು ಹೊರಟವರಲ್ಲ. ಬಾವಿಗೆ ನೀರು ಬಂದರೆ ಸಾಕೆಂದು ದುಡಿದವರು. 1995ರ ವೇಳೆಗೆ ನದಿಯೂ ವರ್ಷವಿಡೀ ಹರಿಯತೊಡಗಿತು.

ನೀರು ಬಂದೊಡನೆ ಅದರ ಒಡೆತನದ ಪ್ರಶ್ನೆಯೂ ಎದ್ದಿತು. ನದಿಯ ಮೀನು ಹಿಡಿಯುವ ಗುತ್ತಿಗೆಯನ್ನು ಸರಕಾರವು ಹೊರಗಿನವರಿಗೆ ಕೊಟ್ಟಾಗ ಜನರು ವಿರೋಧಿಸಿದರು. ಆ ಹೋರಾಟದ ಫಲವಾಗಿ, 1999ರಲ್ಲಿ ಸುಮಾರು 70 ಹಳ್ಳಿಗಳ ಪ್ರತಿನಿಧಿಗಳ ಅರ್ವರಿ ಸಂಸತ್ತು ರೂಪುಗೊಂಡಿತು. ನೀರನ್ನು ಹೆಚ್ಚಾಗಿ ಹೀರುವ ಕಬ್ಬು, ಬತ್ತಗಳನ್ನು ಬೆಳೆಯಕೂಡದು, ಹಸಿಮರವನ್ನು ಕಡಿಯಕೂಡದು ಎಂಬಂತಹ ಕಟ್ಟುಪಾಡುಗಳನ್ನು ಜನರು ತಮಗೆ ತಾವೇ ವಿಧಿಸಿಕೊಂಡರು. 2000ದಲ್ಲಿ ಅಂದಿನ ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರು ಈ ಕಣಿವೆಗೆ ಬಂದು ಹಳ್ಳಿಗರನ್ನು ಗೌರವಿಸಿದರು. ಮರುವರ್ಷ ರಾಜೇಂದ್ರ ಸಿಂಗ್ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯೂ, 2015ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿಯೂ ಸಂದವು. ಹಾಗೆಂದು ನದಿ ಶಾಶ್ವತವಾಗಿ ಗುಣಹೊಂದಿತೆಂದು ಭಾವಿಸಬಾರದು. ಬರದ ವರ್ಷಗಳಲ್ಲಿ ಹರಿವು ಮತ್ತೆ ಕುಗ್ಗಿದ್ದುಂಟು. ಏರಿಗಳ ಆರೈಕೆ ತಪ್ಪಿದರೆ, ಕೊಳವೆಬಾವಿಗಳು ಮಿತಿಮೀರಿದರೆ ಹಳೆಯ ದುರವಸ್ಥೆ ಮರಳುವುದು ನಿಶ್ಚಿತ.

ಈ ಕಥೆಯನ್ನು ಸಭಾಂಗಣದಲ್ಲಿ ಕುಳಿತು ಕೇಳಬಹುದಲ್ಲ, ನಡೆದೇ ತಿಳಿಯಬೇಕೇಕೆ ಎಂದು ಕೇಳುವವರಿರಬಹುದು. ರಸ್ತೆಯ ಮೇಲಿನಿಂದ ನೋಡಿದವರಿಗೆ ಕಾಣುವುದು ನದಿ ಮಾತ್ರ. ಅದನ್ನು ಹುಟ್ಟಿಸಿದ ಕೆಲಸವಿರುವುದು ಮೇಲಿನ ಇಳಿಜಾರುಗಳಲ್ಲಿ, ಬಂಡಿಗೂ ದಾರಿಯಿಲ್ಲದ ಕೊರಕಲುಗಳಲ್ಲಿ. ಹೊಳೆಯ ಪಾತ್ರದಿಂದ ಹೊಲದ ಬದುವಿಗೆ, ಅಲ್ಲಿಂದ ಬಾವಿಗೆ, ಬಾವಿಯಿಂದ ಏರಿಗೆ, ಏರಿಯಿಂದ ಧೋಕ್ ಮರಗಳ ಕಾಡಿಗೆ ಹೆಜ್ಜೆ ಹಾಕಿದವನು ನೀರು ಬಂದ ದಾರಿಯನ್ನೇ ಹಿಂದುಹಿಂದಕ್ಕೆ ಓದುತ್ತಾನೆ. ಈ ಧೋಕ್ ಮರವು ಕನ್ನಡನಾಡಿನ ದಿಂಡುಗದ ಹತ್ತಿರದ ಬಂಧು. ಮಲೆನಾಡಿನ ಅಂಚಿನಲ್ಲಿ ಬೆಳೆದ ಹಿರಿಯರೊಬ್ಬರು ಅದನ್ನು ಗುರುತಿಸಿ ಮೊಮ್ಮಕ್ಕಳಿಗೆ ತೋರಿಸಿದರೆ, ಅದು ಯಾವ ಭಾಷಾ ತರಗತಿಗೂ ಕಡಿಮೆಯಾದ ಪಾಠವಲ್ಲ.

ಶರೀರಕ್ಕೆ ಇದರಿಂದ ಆಗುವ ಲಾಭವೂ ಸಾಮಾನ್ಯವಾದುದಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಶ್ರಮದ ವ್ಯಾಯಾಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ನೀಡಿದೆ. ಮಾತನಾಡಲು ಸಾಧ್ಯವಾಗಿ, ಹಾಡಲು ಮಾತ್ರ ಉಸಿರು ಸಾಲದಂತಹ ನಡಿಗೆಯೇ ಮಧ್ಯಮ ಶ್ರಮದ ನಡಿಗೆ. ಬೆಟ್ಟ ಏರುವಾಗ ಹೃದಯ ಮತ್ತು ಶ್ವಾಸಕೋಶಗಳು ಹೆಚ್ಚು ದುಡಿಯುತ್ತವೆ; ಇಳಿಯುವಾಗ ತೊಡೆಯ ಸ್ನಾಯುಗಳು ಮೈಭಾರವನ್ನು ತಡೆತಡೆದು ಇಳಿಸುತ್ತವೆ. ಆಸ್ಟ್ರಿಯಾದ ವೈದ್ಯರು ಆಲ್ಪ್ಸ್ ಪ್ರದೇಶದಲ್ಲಿ ನಡೆಸಿದ ಪ್ರಯೋಗವೊಂದರಲ್ಲಿ ಜನರನ್ನು ಒಂದು ಅವಧಿಯಲ್ಲಿ ಬೆಟ್ಟ ಹತ್ತಲು ಮಾತ್ರ, ಇನ್ನೊಂದು ಅವಧಿಯಲ್ಲಿ ಇಳಿಯಲು ಮಾತ್ರ ಬಿಟ್ಟು, ಮಿಕ್ಕ ದಾರಿಯನ್ನು ಹಗ್ಗದ ತೊಟ್ಟಿಲಿನಲ್ಲಿ ಸಾಗಿಸಿದರು. ಹತ್ತುವುದರಿಂದ ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತಗ್ಗಿತು. ಇಳಿಯುವುದರಿಂದ ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿ ಸುಧಾರಿಸಿತು. ಗುಂಪಿನಲ್ಲಿ ನಡೆಯುವುದರ ಬಗೆಗೆ 14 ದೇಶಗಳ 42 ಅಧ್ಯಯನಗಳನ್ನು, ಅಂದರೆ 1,843 ಜನರ ಅನುಭವವನ್ನು, ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ರಕ್ತದೊತ್ತಡ, ನಾಡಿಯ ವೇಗ ಮತ್ತು ಮನಸ್ಸಿನ ಖಿನ್ನತೆ ಮೂರೂ ಇಳಿದುದು ಅದರಲ್ಲಿ ಕಂಡುಬಂದಿತು.

ಈ ಕೊನೆಯ ಅಂಶವನ್ನು ಸಂಘಗಳು ವಿಶೇಷವಾಗಿ ಗಮನಿಸಬೇಕು. ಮಗನ ಅಥವಾ ಮಗಳ ಮನೆಯಲ್ಲಿ ನೆಲೆಸಲು ಊರು ಬಿಟ್ಟು ಬಂದ ವೃದ್ಧ ದಂಪತಿಗಳಿಗೆ ಮಹಾನಗರದಲ್ಲಿ ಔಷಧವಿದೆ, ವೈದ್ಯರಿದ್ದಾರೆ, ಮಾತಿಗೆ ಜನರಿಲ್ಲ. ನಾಲ್ಕು ಗಂಟೆಗಳ ಕಾಲ ಪಕ್ಕದಲ್ಲಿ ಕನ್ನಡ ಮಾತನಾಡುತ್ತ ನಡೆಯುವ ಒಬ್ಬ ಜೊತೆಗಾರ ಅವರಿಗೆ ಮಾಡುವ ಉಪಕಾರವನ್ನು ತಪಾಸಣಾ ಶಿಬಿರವು ಮಾಡಲಾರದು. ಆದುದರಿಂದಲೇ ಗುಂಪಿನ ವೇಗವನ್ನು ಅತ್ಯಂತ ನಿಧಾನವಾಗಿ ನಡೆಯುವವರು ನಿರ್ಧರಿಸಬೇಕು. ಮುಂದೆ ದಾರಿ ಬಲ್ಲ ಸ್ಥಳೀಯನೊಬ್ಬ, ಕೊನೆಯಲ್ಲಿ ಸಂಘದ ಹೊಣೆಗಾರನೊಬ್ಬ ಇರಬೇಕು. ಯುವಕರು ಮುಂದೋಡಿ ತುದಿ ಮುಟ್ಟಿ, ಹಿರಿಯರು ಬಿಸಿಲಲ್ಲಿ ಹಿಂದುಳಿಯುವ ನಡಿಗೆಯು ಸಂಘದ ನಡಿಗೆ ಎನಿಸದು.

ಎಚ್ಚರಿಕೆಗಳೂ ಅವಶ್ಯ. ಕಾಲ ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ. ಬೇಸಿಗೆಯ ಅರಾವಳಿ ನಡಿಗೆಗೆ ಹೇಳಿದ್ದಲ್ಲ. ಎಂಟು ಹತ್ತು ಕಿಲೋಮೀಟರ್ ಸಾಕು. ಮೊಣಕಾಲು ನೋವುಳ್ಳವರಿಗೆ ಹೊಳೆಯ ದಡದ ಸಮತಟ್ಟಾದ ಕಿರುದಾರಿಯನ್ನು ಪ್ರತ್ಯೇಕವಾಗಿ ಗೊತ್ತುಪಡಿಸಬಹುದು. ಹೃದ್ರೋಗಿಗಳು ಮೊದಲೇ ವೈದ್ಯರ ಅನುಮತಿ ಪಡೆಯಬೇಕು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳ ಕಿಸೆಯಲ್ಲಿ ಸಕ್ಕರೆಯ ಪೊಟ್ಟಣವಿರಬೇಕು. ನಡುವೆ ಎದೆ ಬಿಗಿದರೆ ಅಥವಾ ತಲೆ ಸುತ್ತಿದರೆ ಸಂಕೋಚ ಪಡದೆ ತಿಳಿಸಬೇಕು. ಅಂಥವರನ್ನು ಅಲ್ಲೇ ಕುಳ್ಳಿರಿಸಿ ವೈದ್ಯರ ನೆರವನ್ನು ಪಡೆಯಬೇಕು. ಹೊಸದಾಗಿ ನಡೆಯುವವರು ಒಂದು ತಿಂಗಳು ಮುಂಚಿನಿಂದ ಮನೆಯ ಮೆಟ್ಟಿಲುಗಳನ್ನು ಹತ್ತಿ ಇಳಿದು ಅಭ್ಯಾಸ ಮಾಡಿಕೊಂಡರೆ ಮರುದಿನದ ತೊಡೆನೋವು ಬಹುಮಟ್ಟಿಗೆ ತಪ್ಪುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕವುಳ್ಳದ್ದು. ನಗರದ ಗುಂಪುಗಳು ಹೋದಲ್ಲೆಲ್ಲ ಕಸವೂ ಗದ್ದಲವೂ ಹೋಗುತ್ತವೆ. ಕಷ್ಟಪಟ್ಟು ಉಳಿಸಿಕೊಂಡ ಕಣಿವೆಗೆ ಈ ಹೊರೆ ಏಕೆ? ಇದಕ್ಕೆ ಉತ್ತರವಿರುವುದು ನಡೆದುಕೊಳ್ಳುವ ರೀತಿಯಲ್ಲಿ. ಸಂಘವು ಹಳ್ಳಿಯವರನ್ನು ಮುಂಚಿತವಾಗಿ ಕೇಳಿ, ಅವರು ಒಪ್ಪಿದ ದಿನ, ಅವರು ತೋರಿಸಿದ ದಾರಿಯಲ್ಲಿ ಮಾತ್ರ ನಡೆಯಬೇಕು. ಪಕ್ಕದಲ್ಲೇ ಸರಿಸ್ಕಾ ಹುಲಿ ಅಭಯಾರಣ್ಯವಿರುವುದರಿಂದ ಕಾಡಿನೊಳಗೆ ಮನಬಂದಂತೆ ನುಗ್ಗುವುದು ಅಪಾಯಕರವೂ ಕಾನೂನಿಗೆ ವಿರುದ್ಧವೂ ಹೌದು. ಕುಡಿಯುವ ನೀರನ್ನು ಮನೆಯಿಂದ ಒಯ್ಯಬೇಕು. ಊಟವನ್ನು ಹಳ್ಳಿಯ ಮನೆಗಳಲ್ಲಿ ಹಣ ಕೊಟ್ಟು ಉಣ್ಣಬೇಕು. ಒಂದು ಗಂಟೆಯ ಕಾಲ ಏರಿಗೆ ಮಣ್ಣು ಹೊರುವ ಅವಕಾಶವನ್ನು ಊರಿನವರು ಕೊಟ್ಟರೆ ಅದನ್ನು ಗೌರವವೆಂದು ಸ್ವೀಕರಿಸಬೇಕು. ಇಷ್ಟಕ್ಕೆ ಸಿದ್ಧವಿಲ್ಲದ ಸಂಘವು ಉದ್ಯಾನದ ವನಭೋಜನವನ್ನೇ ಮುಂದುವರಿಸುವುದು ಲೇಸು.

ವರ್ಷಕ್ಕೊಮ್ಮೆಯ ಬೆಟ್ಟದ ನಡಿಗೆಯಿಂದ ಯಾರ ರಕ್ತದೊತ್ತಡವೂ ಶಾಶ್ವತವಾಗಿ ಇಳಿಯುವುದಿಲ್ಲ, ಒಂದು ಜೋಹಡ್‌ನಿಂದ ಅರ್ವರಿ ಹರಿಯಲಿಲ್ಲವಷ್ಟೆ. ಊರೂರಿನ ಏರಿಗಳು ಹತ್ತು ವರ್ಷಗಳ ಕಾಲ ಒಂದೊಂದಾಗಿ ಎದ್ದ ಮೇಲೆ ನದಿ ಬಂದಿತು. ಆಮೇಲೂ ಅವುಗಳನ್ನು ಕಾಯಬೇಕಾಗಿ ಬಂದಿತು. ಕಣಿವೆಯಿಂದ ಹಿಂದಿರುಗಿದ ಗುಂಪು ಮುಂದಿನ ಭಾನುವಾರ ಬೆಳಿಗ್ಗೆ ಮನೆಗೆ ಹತ್ತಿರದ ಉದ್ಯಾನದಲ್ಲಿ ಮತ್ತೆ ಕೂಡಬೇಕು. ಅದರ ಮುಂದಿನ ಭಾನುವಾರವೂ ಕೂಡಬೇಕು. ಅಂತಹ ಭಾನುವಾರಗಳ ದಿನಚರಿಯನ್ನು ಸಿದ್ಧಪಡಿಸುವ ಕಾರ್ಯವನ್ನು ಸಂಘಗಳ ನೂತನ ಕಾರ್ಯಕಾರಿ ಸಮಿತಿಗಳು ಈ ವರ್ಷವೇ ಕೈಗೆತ್ತಿಕೊಳ್ಳಲಿ.