ತಾಲ್ಲೂಕುವಾರು ನೆಟ್‌ವರ್ಕ್ ಲೆಕ್ಕ ಕೊಡಿ



ಟಿ.ವಿ.ಗೆ ಸಿಕ್ಕಿಸುವ ಕೆಲವೇ ಸಾವಿರ ರೂಪಾಯಿಯ ಸ್ಟಿಕ್ ಇದ್ದರೆ ಸಾಕು, ದುಬಾರಿ ಗೇಮಿಂಗ್ ಕನ್ಸೋಲ್ ಬೇಡ ಎಂಬ ಮಾತು ಈಗ ಜೋರಾಗಿದೆ. ಜಿಯೊ ತನ್ನ ಸೆಟ್‌ಟಾಪ್ ಬಾಕ್ಸ್‌ನಲ್ಲೇ ಕ್ಲೌಡ್ ಗೇಮ್ ಕೊಡುತ್ತಿದೆ. 2025ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕೂಡ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗನ್ನು ಭಾರತಕ್ಕೆ ತಂದಿತು. ಆಟ ನಡೆಯುವುದು ದೂರದ ಡೇಟಾ ಸೆಂಟರ್‌ನಲ್ಲಿ, ಮನೆಯ ಪರದೆಗೆ ಬರುವುದು ಅದರ ಚಿತ್ರ ಮಾತ್ರ. ಹಾಗಾಗಿ ಮನೆಯ ಯಂತ್ರ ಅಗ್ಗವಾದಷ್ಟೂ ಭಾರ ನೆಟ್‌ವರ್ಕಿನ ಮೇಲೆ ಬೀಳುತ್ತದೆ. ಆ ಭಾರವನ್ನು ನಮ್ಮ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನೆಟ್‌ವರ್ಕ್ ತಡೆದೀತೇ ಎಂದು ಕೊಳ್ಳುವ ಮೊದಲೇ ತಿಳಿಯುವ ದಾರಿ ಗ್ರಾಹಕನಿಗೆ ಇಲ್ಲ. ನನ್ನ ತಕರಾರು ಇದೇ.

ಮೊಬೈಲಿನಲ್ಲಿ ಸಿನಿಮಾ ಚೆನ್ನಾಗಿಯೇ ಬರುತ್ತದಲ್ಲ, ಆಟಕ್ಕೇನು ಅಡ್ಡಿ ಎಂದು ಕೆಲವರು ಕೇಳುತ್ತಾರೆ. ಸಿನಿಮಾದ ಮುಂದಿನ ದೃಶ್ಯವನ್ನು ಮೊದಲೇ ತರಿಸಿಟ್ಟುಕೊಳ್ಳಬಹುದು, ನಡುವೆ ಸಿಗ್ನಲ್ ತುಸು ಕೈಕೊಟ್ಟರೂ ಗೊತ್ತಾಗದು. ಆಟದ ಮುಂದಿನ ಚಿತ್ರ ಆಡುವವನ ಬೆರಳು ಅಲ್ಲಾಡಿದ ಮೇಲೆಯೇ ಹುಟ್ಟಬೇಕು. ಸೆಕೆಂಡಿಗೆ 60 ಚಿತ್ರವೆಂದರೆ ಒಂದೊಂದಕ್ಕೂ ಸುಮಾರು 17 ಮಿಲಿಸೆಕೆಂಡ್. ಇಲ್ಲಿ ದೂರದ ನೆಪ ಹೇಳುವಂತಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಸುಮಾರು 100 ಕಿ.ಮೀ. ದೂರದ ಬೆಂಗಳೂರಿನಿಂದ ಮಧುಗಿರಿಗೆ ಅರ್ಧ ಮಿಲಿಸೆಕೆಂಡ್ ಸಾಕು. ತಡವಾಗುವುದು ಕೊನೆಯ ಒಂದೆರಡು ಮೈಲಿಯಲ್ಲಿ: ಸಂಜೆ ಎಲ್ಲರೂ ಒಟ್ಟಿಗೆ ಮುಗಿಬೀಳುವ ಟವರ್, ಬಂಡೆಗುಡ್ಡದ ಮರೆಯಲ್ಲಿರುವ ಊರು, ಕರೆಂಟ್ ಹೋದರೆ ಮಲಗುವ ಮನೆಯ ರೂಟರ್. ಖರ್ಚಿನ ಲೆಕ್ಕವೂ ಇದೆ. 10 ಎಂಬಿಪಿಎಸ್ ವೇಗದ ಆಟ ಗಂಟೆಗೆ 4.5 ಜಿಬಿ ನುಂಗುತ್ತದೆ. 5ಜಿ ಮುಟ್ಟದ ಊರಿನಲ್ಲಿ ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿದವನ ಆಟ 20 ನಿಮಿಷಕ್ಕೆ ಮುಗಿಯಿತು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರಲ್ಲಿ ಸೇವಾ ಗುಣಮಟ್ಟದ ಹೊಸ ನಿಯಮ ತಂದು, ಎಲ್ಲಿ ಸಿಗ್ನಲ್ ಇದೆ ಎಂಬ ನಕ್ಷೆಯನ್ನು ಕಂಪನಿಗಳು ಪ್ರಕಟಿಸುವಂತೆ ಮಾಡಿದ್ದು ಒಳ್ಳೆಯದೇ. ಆದರೆ ನಕ್ಷೆ ಸಿಗ್ನಲ್ ಇದೆ ಎನ್ನುತ್ತದೆಯೇ ಹೊರತು ಎಷ್ಟು ತಡವಾಗಿ, ಎಷ್ಟು ಏರುಪೇರಾಗಿ ಬರುತ್ತದೆ ಎಂದು ಹೇಳುವುದಿಲ್ಲ. ತಡ, ಏರುಪೇರುಗಳ ಸರಾಸರಿ ಇಡೀ ಕರ್ನಾಟಕಕ್ಕೆ ಒಂದೇ. ಬೆಂಗಳೂರಿನ ಅಂಕಿಯ ಜೊತೆ ಬೆರೆತ ಮೇಲೆ ಪಾವಗಡದ ಕೊರತೆ ಕಾಣುವುದೆಲ್ಲಿ? ಹೆದ್ದಾರಿ ಬದಿಯ ಶಿರಾ ಪಟ್ಟಣದ ಅಂಕಿ ಅದೇ ತಾಲ್ಲೂಕಿನ ಒಳಹಳ್ಳಿಗೇ ಹೊಂದಲಾರದು.

ಹುಡುಗರ ಆಟಕ್ಕೆ ಇಷ್ಟೆಲ್ಲ ರಂಪವೇ ಎನ್ನುವವರಿಗೆ ಒಂದು ಮಾತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ನಿಷೇಧಿಸಿತು, ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಉತ್ತೇಜನ ಕೊಡುವುದಾಗಿಯೂ ಹೇಳುತ್ತದೆ. ಆನಿಮೇಷನ್, ಗೇಮಿಂಗ್‌ಗೆಂದೇ ರಾಜ್ಯದ 2024–29ರ ನೀತಿಯಿದೆ. ಅಲ್ಲದೆ ಟಿ.ವಿ.ಯನ್ನೇ ಕಂಪ್ಯೂಟರ್ ಮಾಡುವ ಜಿಯೊಪಿಸಿಯಂಥ ಸೇವೆಯೂ ಇದೇ ದಾರಿಯಲ್ಲಿ ಬರಬೇಕು. ಆಟಕ್ಕೆ ಸಾಲದ ನೆಟ್‌ವರ್ಕ್ ಅದಕ್ಕೂ ತೊಡಕೇ. 5ಜಿ ಬಂದರೆ ಸರಿಹೋಗುತ್ತದೆ ಎಂಬ ಭರವಸೆ ನಿಜವೇ ಇರಬಹುದು, ಹಾಗಿದ್ದರೆ ಅಂಕಿ ತೋರಿಸಲು ಕಂಪನಿಗಳಿಗೆ ಅಂಜಿಕೆ ಏಕೆ? ಕೊಂಡ ಮೇಲೆ ಸೇವೆಯೇ ನಿಲ್ಲಬಹುದು: ಹಣಕ್ಕೆ ಬರವಿಲ್ಲದ ಗೂಗಲ್ ಕೂಡ 2019ರಲ್ಲಿ ತೆರೆದ ತನ್ನ ಕ್ಲೌಡ್ ಗೇಮ್ ಸೇವೆ ಸ್ಟೇಡಿಯಾವನ್ನು 2023ರ ಜನವರಿಯಲ್ಲಿ ಮುಚ್ಚಿತು. ಕೊಂಡವರಿಗೆ ಹಣ ಮರಳಿಸಿದ್ದು ಅದರ ಒಳ್ಳೆಯತನ. ಇಲ್ಲಿ ಹಣ ಮರಳಿಸುವ ಖಾತರಿಯನ್ನು ಕಂಪನಿಗಳು ಮಾರುವಾಗಲೇ ಬರೆದುಕೊಡಬೇಕು.

ಮಧುಗಿರಿ, ಕೊರಟಗೆರೆ ತುಮಕೂರು ಲೋಕಸಭಾ ಕ್ಷೇತ್ರಕ್ಕೂ ಶಿರಾ, ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೂ ಸೇರಿವೆ. ತಡ, ಏರುಪೇರಿನ ತಾಲ್ಲೂಕುವಾರು ಅಂಕಿಗಳನ್ನು, ಸಂಜೆ ಹೊತ್ತಿನದನ್ನು ಬೇರೆಯಾಗಿಯೇ, ಪ್ರಕಟಿಸುವಂತೆ ಟ್ರಾಯ್ ಮೇಲೆ ಇಬ್ಬರೂ ಸಂಸದರು ಒತ್ತಡ ತರಬೇಕೆಂದು ವಿನಂತಿ.

– ಒಬ್ಬ ಓದುಗ, ಮಧುಗಿರಿ